ಜಾರದ ಶೂ

ನಮ್ಮ ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ವರ್ಷ ಅದು ಕೆಳಗಿಳಿಯಲೇ ಇಲ್ಲ. ಅದಕ್ಕೆಲ್ಲ ಕಾರಣ ಒಂದು ಹೊಸ ರಬ್ಬರು.

ಅತ್ತೆಯದು ಹತ್ತುವ ಗೋಡೆ. ಹಳೆಯ ಗೋದಾಮಿನೊಳಗೆ ಸೂರಿನವರೆಗೂ ಹಲಗೆ ಹೊಡೆದು, ಅದಕ್ಕೆ ಬಣ್ಣಬಣ್ಣದ ಹಿಡಿಕೆಗಳನ್ನು ತಿರುಪು ಬಿಗಿದು ಕೂರಿಸಿ, ಕೆಳಗೆ ದಪ್ಪ ಹಾಸಿಗೆ ಹಾಸಿದ್ದಾರೆ. ಬಂಡೆ ಹತ್ತುವ ಹುಚ್ಚು ಹಿಡಿದವರೆಲ್ಲ ವಾರವಿಡೀ ಇಲ್ಲಿ ಬಂದು ಬೆವರು ಹರಿಸುತ್ತಾರೆ. ಎಲ್ಲಿ ಕೈಗೆ ಹಿಡಿತ ಸಿಗಬೇಕು, ಎಲ್ಲಿ ಕಾಲು ಪರದಾಡಬೇಕು ಎಂದು ಯೋಚಿಸಿ, ಸ್ಪ್ಯಾನರ್ ಹಿಡಿದು ಹಿಡಿಕೆ ಜೋಡಿಸಿ ಹತ್ತುವ ದಾರಿ ಕಟ್ಟುವವರು ಅತ್ತೆ. ಹಿಂದಿನ ಕೋಣೆಯಲ್ಲಿ ಮಾವ ಸವೆದ ಶೂಗಳಿಗೆ ಹೊಸ ತಳ ಅಂಟಿಸುತ್ತಾರೆ. ಸೊಸೆಯಾದ ನಾನು ಏಣಿ ಹಿಡಿಯುವವಳು, ಆ ಸ್ಪ್ಯಾನರ್ ಮೇಲೆ ಕಣ್ಣಿಟ್ಟವಳು ಕೂಡ. ಇದರಲ್ಲಿ ಮುಚ್ಚುಮರೆ ಏನಿದೆ?

ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಗೆ ಅತ್ತೆಯೇ ಮಾಡಿದ ನಿಯಮವೊಂದಿದೆ. ದಾರಿ ಕಟ್ಟಿದವರು ಅದನ್ನು ತಾವೇ ಮೊದಲು ಹತ್ತಿ ತೋರಿಸಬೇಕು. ಆಗದಿದ್ದರೆ ಸ್ಪ್ಯಾನರ್ ಬೇರೆಯವರ ಕೈಗೆ. ಜೊತೆಗೆ, ಕಟ್ಟಿದವರು ಸ್ಪರ್ಧೆಗೆ ಇಳಿಯುವಂತಿಲ್ಲ, ಗುಟ್ಟೆಲ್ಲ ಅವರಿಗೆ ಗೊತ್ತಿರುತ್ತದಲ್ಲ! ಹಾಗಾಗಿ ಅತ್ತೆ ಒಂದು ಸಲವೂ ಸ್ಪರ್ಧಿಸಿದವರಲ್ಲ.

ಆ ವರ್ಷ ಅತ್ತೆಯ ಕಾಲು ಜಾರತೊಡಗಿತು. ಅಭ್ಯಾಸದ ಸಾದಾ ದಾರಿಗಳಲ್ಲೇ ಪದೇ ಪದೇ ಹಾಸಿಗೆಗೆ ಬಿದ್ದರು. ಮಂಡಿ ನೀವಿಕೊಳ್ಳುತ್ತಾ, ಹಲಗೆ ಮೇಲೆ ಧೂಳು ಎಂದರು, ಸೆಕೆ ಎಂದರು. ಸ್ಪ್ಯಾನರ್ ಹೋದರೆ ತಾನು ಈ ಗೋಡೆಗೆ ಯಾರೂ ಅಲ್ಲ ಎಂಬ ಭಯ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಅವರ ಮುಖ ನೋಡಿ ನನ್ನ ಆಸೆಗೆ ನನಗೇ ನಾಚಿಕೆಯಾಯಿತು. ಹಾಗಂತ ಆಸೆಯೇನೂ ಹೋಗಲಿಲ್ಲ.

ಆಗ ಬಂತು ಹೊಸ ರಬ್ಬರು. ಇಳಿಜಾರಿನ ಮೇಲೂ ಕಾಲನ್ನು ಅಂಟಿಸಿದಂತೆ ನಿಲ್ಲಿಸುತ್ತದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಅಂಥ ಶೂ ಕೆಲವರಿಗೆ ಮಾತ್ರ ಸಿಕ್ಕಿತ್ತು. ಅತ್ತೆ ಕೆಂಡವಾದರು. ಸ್ಪರ್ಧೆಗೆ ಆ ಶೂ ತರುವಂತಿಲ್ಲ ಎಂದು ಬರೆದು ಬಾಗಿಲಿಗೇ ಅಂಟಿಸಿದರು. ನಾನು ಸುಮ್ಮನಿರುವ ಜಾತಿಯಲ್ಲ. ಹಿಂದಿನವರು ನಾರಿನ ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದರು, ನೀವು ನೈಲಾನ್ ಹಗ್ಗ ಬಿಟ್ಟು ಒಂದು ಹೆಜ್ಜೆ ಇಡುವುದಿಲ್ಲ, ಅದು ನ್ಯಾಯವೇ ಎಂದು ಕೆಣಕಿದೆ.

"ಬಿದ್ರೆ ಹಗ್ಗ ಹಿಡ್ಕೊಳತ್ತೆ ಕಣೇ, ಹತ್ಸಲ್ಲ. ಈ ರಬ್ಬರು ಹತ್ಸತ್ತೆ," ಎಂದರು ಅತ್ತೆ.

ಮಾವ ಎಂದಿನಂತೆ ಪರ ವಿರೋಧ ಎರಡಕ್ಕೂ ತಲೆಯಾಡಿಸಿದರು.

ಸ್ಪರ್ಧೆ ಹತ್ತಿರ ಬಂದಂತೆ ಅತ್ತೆಗೆ ಮರುಜೀವ ಬಂತು. ಮಾವ ಅವರ ಹಳೆಯ ಶೂಗೆ ಹೊಸದಾಗಿ ತಳ ಹಾಕಿಕೊಟ್ಟಿದ್ದರು. ಮಂಡಿನೋವಿನ ಸುದ್ದಿಯೇ ಇಲ್ಲ. ಗುನುಗುತ್ತಾ ತಿರುಪು ಬಿಗಿದರು, ನಡುವೆ ಬೋಳು ಇಳಿಜಾರಿನ ಹಿಡಿಕೆಯೊಂದನ್ನು ಕಾಲಿಡಲು ಕೂರಿಸಿದರು, ಹತ್ತಿಯೂ ತೋರಿಸಿದರು. ಅದೂ ಎಷ್ಟು ಚೆಂದ! ನಾನು ಮನಸಾರೆ ಚಪ್ಪಾಳೆ ಹೊಡೆದು, ಸ್ಪ್ಯಾನರಿನ ಆಸೆಗೆ ಎಳ್ಳುನೀರು ಬಿಟ್ಟೆ.

ಸ್ಪರ್ಧೆಯ ದಿನ ಬಾಗಿಲಲ್ಲಿ ಪ್ರತಿಯೊಬ್ಬರ ಶೂ ತಳಕ್ಕೂ ಹೆಬ್ಬೆರಳು ಒತ್ತಿ ಪರೀಕ್ಷೆ ಮಾಡಿದವರು ಮಾವನೇ. ರಬ್ಬರಿನ ವಿಷಯದಲ್ಲಿ ಅವರ ಹೆಬ್ಬೆರಳಿಗೆ ಸುಳ್ಳು ಹೇಳಲಾಗುವುದಿಲ್ಲ. ಎಲ್ಲರೂ ಪಾಸಾದರು.

ಮೊದಲು ಹೋದವನು ಬೇಕರಿಯವನು. ಹಿಟ್ಟು ನಾದಿ ನಾದಿ ಉಕ್ಕಾದ ಬೆರಳು ಅವನದು. ಆ ಬೋಳು ಹಿಡಿಕೆಗೆ ಕಾಲಿಟ್ಟಿದ್ದೇ ತಡ, ಧೊಪ್ಪನೆ ಕೆಳಗೆ. ಆಮೇಲೆ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಹತ್ತುವ, ಎಲ್ಲರೂ ಹಲ್ಲಿ ಎಂದೇ ಕರೆಯುವ ನರ್ಸಮ್ಮ. ಅವಳೂ ಅಲ್ಲೇ ಜಾರಿದಳು. ಒಬ್ಬರಾದ ಮೇಲೊಬ್ಬರು ಅದೇ ಜಾಗದಲ್ಲಿ ಬೀಳತೊಡಗಿದಾಗ ಜನ ಗುಸುಗುಸು ಶುರು ಮಾಡಿದರು. ಅತ್ತೆಗೆ ತಡೆಯಲಾಗಲಿಲ್ಲ. ಕಾಲಿಗೆ ಶೂ ಏರಿಸಿ, ಹಗ್ಗ ಕಟ್ಟಿಕೊಂಡು, ಹೇಗೆಂದು ತೋರಿಸಲು ತಾವೇ ಹೊರಟರು.

ಇಳಿಜಾರಿನ ಹಿಡಿಕೆಯ ಮೇಲೆ ಅವರ ಕಾಲು ಗಟ್ಟಿಯಾಗಿ ನಿಂತಿತು. ನೋಡಿ ಎಂದು ಎರಡೂ ಕೈ ಬಿಟ್ಟು ತೋರಿಸಿದರು. ಆಗಲೂ ಕಾಲು ಅಲುಗಲಿಲ್ಲ. ಕೆಳಗೆ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅತ್ತೆ ನಿಧಾನವಾಗಿ ತಲೆ ಬಗ್ಗಿಸಿ ತಮ್ಮ ಪಾದ ನೋಡಿಕೊಂಡರು. ಕಾಲನ್ನು ಬೇಕೆಂದೇ ಓರೆ ಮಾಡಿದರು, ತಿಕ್ಕಿದರು, ಎಳೆದರು. ಶೂ ಜಾರಲೇ ಇಲ್ಲ.

"ರೀ," ಎಂದರು ಮೇಲಿಂದಲೇ, "ನನ್ನ ಶೂಗೆ ಏನ್ ಹಾಕಿದ್ರಿ?"

ಮಾವ ತಮ್ಮ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ನೀನು ಬೀಳೋದು ನನ್ ಕೈಲಿ ನೋಡಕ್ಕಾಗ್ಲಿಲ್ಲ," ಎಂದರು.

ಅತ್ತೆ ಕೆಳಗಿಳಿದರು. ಆಕಾಶ ಭೂಮಿ ಒಂದು ಮಾಡುತ್ತಾರೆ ಎಂದುಕೊಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರೋ ನನ್ನ ಹಳೆಯ ಶೂ ಕೇಳಿ ಹಾಕಿಕೊಂಡು ಅದೇ ದಾರಿ ಹತ್ತಿದರು, ಅದೇ ಜಾಗದಲ್ಲಿ ಎಲ್ಲರಂತೆ ಬಿದ್ದರು. ಎದ್ದು ಬಂದು, ಸೊಂಟದಿಂದ ಸ್ಪ್ಯಾನರ್ ತೆಗೆದು ನನ್ನ ಕೈಗಿಟ್ಟರು. ಇಷ್ಟು ದಿನ ಬಯಸಿದ್ದು ಕೈಗೆ ಬಂದಾಗ ನನಗೆ ಅಳು ಬಂತು.

ಅಳುತ್ತಾ ಕೂತರೆ ಆಗುತ್ತದೆಯೇ? ಜನ ಕಾಯುತ್ತಿದ್ದರು. ಮಾವ ಅತ್ತೆಯನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಹೊಸ ದಾರಿ ಅವರ ಕಣ್ಣಿಗೆ ಬೀಳಬಾರದು ಎಂದೆ. ಉಳಿದವರನ್ನು ಅಂಗಳಕ್ಕೆ ಓಡಿಸಿದೆ. ದಾರಿಯನ್ನು ಪೂರ್ತಿ ಕಿತ್ತು ಮತ್ತೆ ಕಟ್ಟಿದೆ. ಆಮೇಲೆ ಹೊಸದಾಗಿ ಬಂದವರಿಗೆ ಕೊಡಲು ಇಟ್ಟಿರುವ ಎರವಲು ಶೂಗಳ ಗೂಡಿನಿಂದ ಒಂದು ಜೊತೆ ಎಳೆದು ಹಾಕಿಕೊಂಡೆ. ನೂರು ಜನರ ಕಾಲಿನ ವಾಸನೆ, ತಳವೋ ತೇದ ಸಾಬೂನು. ಮಾವನನ್ನು ಮಾತ್ರ ಹೊರಗೆ ಕರೆದು ಹಗ್ಗ ಹಿಡಿಸಿ, ಅದರಲ್ಲೇ, ನಡುವೆ ಸಿಕ್ಕಿಕೊಂಡು ಒದ್ದಾಡಿದರೂ, ಹೇಗೋ ತುದಿ ಮುಟ್ಟಿದೆ.

ಎಲ್ಲರನ್ನೂ ಒಳಗೆ ಕರೆದು, ಇವತ್ತು ಯಾರ ಶೂವೂ ಬೇಡ, ಎಲ್ಲರೂ ಗೂಡಿನ ಶೂನಲ್ಲೇ ಹತ್ತಬೇಕು ಎಂದೆ. ಹಲ್ಲಿ ಮೂಗು ಮುಚ್ಚಿಕೊಂಡಳು. ಬೇಕರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಸೊಂಟದಲ್ಲಿ ಸ್ಪ್ಯಾನರ್ ಇಲ್ಲದೆ ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ನೀವೂ ಸಾಲಲ್ಲಿ ನಿಂತ್ಕೊಳಿ ಅತ್ತೆ," ಎಂದೆ. "ಈ ದಾರಿ ನೀವು ಕಟ್ಟಿದ್ದಲ್ವಲ್ಲ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಗೂಡಿಗೆ ಕೈ ಹಾಕಿ ಶೂ ಹುಡುಕತೊಡಗಿದರು.

ಅವರ ಸರದಿ ಬಂದಾಗ ಮಾವ ಉಗುರು ಕಚ್ಚುತ್ತಾ ಹಗ್ಗ ಹಿಡಿದರು. ಅತ್ತೆ ಏದುಸಿರು ಬಿಡುತ್ತಾ, ಬೈಯುತ್ತಾ, ಕೊನೆಯ ಹಿಡಿಕೆಗೆ ಕೈ ಚಾಚುವವರೆಗೂ ಹೋದರು. ಅಲ್ಲಿ ಕಾಲು ಜಾರಿತು. ಹಗ್ಗದಲ್ಲಿ ತೂಗಾಡುತ್ತಾ ಕೆಳಗಿಳಿದು ಹಾಸಿಗೆಯ ಮೇಲೆ ಅಂಗಾತ ಮಲಗಿದರು. ನಾನು ಗಾಬರಿಯಿಂದ ಓಡಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಸೋತೆ ಕಣೇ," ಎಂದರು. "ಇಷ್ಟು ವರ್ಷದಲ್ಲಿ ನಂಗೆ ಸೋಲಕ್ಕೂ ಅವಕಾಶ ಇರ್ಲಿಲ್ಲ."

ಗೆದ್ದದ್ದು ಹಲ್ಲಿ. ಅತ್ತೆಗೆ ಅದರ ಮೇಲೆ ಗಮನವೇ ಇರಲಿಲ್ಲ. ಮುಂದಿನ ವರ್ಷದ ದಾರಿಯಲ್ಲಿ ಯಾವ ಹಿಡಿಕೆ ಹಾಕಬೇಕೆಂದಿದ್ದೀಯ ಎಂದು ಆಗಲೇ ನನ್ನ ಬೆನ್ನು ಹತ್ತಿದರು. ಸ್ಪರ್ಧಿಗಳ ಹತ್ತಿರ ಅದನ್ನೆಲ್ಲ ಮಾತಾಡುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ.