ಉಸಿರೆಳೆಯುವ ಜಾಗ

ಹೊಸಬರ ಸ್ವಾಗತವಿರಲಿ, ವಾರ್ಷಿಕೋತ್ಸವವಿರಲಿ, ಕಾಲೇಜಿನ ಗಾಯನ ಸಂಘ ಹಾಡುತ್ತಿದ್ದುದು ಒಂದೇ ಹಾಡು. ಅದರ ನಡುವೆ ಒಂದು ಉದ್ದನೆಯ ಸ್ವರ. ಉಳಿದವರೆಲ್ಲ ಉಸಿರೆಳೆದುಕೊಳ್ಳುವಾಗ ಅದನ್ನು ಒಬ್ಬ ಹುಡುಗಿ ತಾನೊಬ್ಬಳೇ ಹಿಡಿದಿರುತ್ತಿದ್ದಳು. ಆ ದಮ್ಮಿಗೇ ಅವಳಿಗೆ 'ಉದ್ದುಸಿರು' ಎಂದು ಹೆಸರು ಬಿದ್ದಿತ್ತು. ರಜೆಯಲ್ಲಿ ಜ್ವರ ಬಂದು ತೀರಿಯೇಹೋದಳು. ಇದ್ಯಾವ ನ್ಯಾಯವೋ!

ಸಂಘದ ಕಾರ್ಯದರ್ಶಿ ಅವಳ ಜೀವದ ಗೆಳತಿ. ರಜೆ ಕಳೆದು ಮೊದಲ ಅಭ್ಯಾಸ ನಡೆದಾಗ ಆ ಜಾಗದಲ್ಲಿ ಎಲ್ಲರೂ ರೂಢಿಯಂತೆ ಉಸಿರೆಳೆದರು. ಆ ಸ್ವರದಷ್ಟು ಹೊತ್ತು ಹಾಡು ನಿಂತಿತು. ಆ ಮೌನದಲ್ಲಿ ಕಾರ್ಯದರ್ಶಿಗೆ ಗೆಳತಿಯ ದನಿ ಸ್ಪಷ್ಟವಾಗಿ ಕೇಳಿಸಿ ಮೈ ಜುಮ್ಮೆಂದಿತು. ಬೇರೆ ಯಾರ ಮುಖದಲ್ಲೂ ಏನೂ ಇರಲಿಲ್ಲ. ತಲೆ ಕೆಟ್ಟಿದೆ ಎಂದಾರೆಂದು ಅವಳು ತುಟಿಪಿಟಕ್ಕೆನ್ನಲಿಲ್ಲ, ಆ ಜಾಗ ತುಂಬಿಸುವ ಗೋಜಿಗೂ ಹೋಗಲಿಲ್ಲ. ಹೊಸಬರು ಹಳಬರನ್ನು ನೋಡಿ ಅಲ್ಲೇ ಉಸಿರೆಳೆಯಲು ಕಲಿತರು.

ಸ್ವಾಗತ, ರಕ್ತದಾನ ಶಿಬಿರ, ಗ್ರಂಥಾಲಯದ ಉದ್ಘಾಟನೆ, ಎಲ್ಲಿ ಹಾಡಿದರೂ ದನಿ ತಪ್ಪದೆ ಬರುತ್ತಿತ್ತು. ಹೆದರಿಕೆಯಾಗುತ್ತಿತ್ತು, ಆದರೂ ಅವಳು ಅದಕ್ಕೇ ಕಾದಿರುತ್ತಿದ್ದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದ ಉದ್ದುಸಿರಿನ ತಾಯಿ ಪ್ರತಿ ಸಲವೂ ಪಾಳಿ ಬದಲಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಹಾಡು ಮುಗಿದೊಡನೆ ಎದ್ದು ಹೋಗುತ್ತಿದ್ದರು. ಪಾಪ, ಮಗಳ ಗೆಳತಿಯರನ್ನು ನೋಡಿ ಹೋಗಲು ಬರುತ್ತಾರೆ ಎಂದುಕೊಂಡಳು ಕಾರ್ಯದರ್ಶಿ.

ಅಂತರ ಕಾಲೇಜು ಸ್ಪರ್ಧೆಯಲ್ಲಿ ತೀರ್ಪುಗಾರರು, "ಮಧ್ಯದಲ್ಲಿ ಹಾಡೇ ಮರೆತುಹೋಯ್ತಾ?" ಎಂದು ಕೇಳಿ ಕೊನೆಯ ಸ್ಥಾನ ಕೊಟ್ಟರು. ಹಾರ್ಮೋನಿಯಂ ಹುಡುಗ ಕೆಂಡವಾದ.

"ನೀನು ಅವಳನ್ನ ಹಿಡ್ಕೊಂಡು ಕೂತಿದೀಯ, ನಮ್ಮ ಮಾನ ಹೋಗ್ತಿದೆ!"

ಕಾರ್ಯದರ್ಶಿಗೂ ಸಾಕಾಗಿತ್ತು. ಇದೆಲ್ಲ ನನ್ನ ಭ್ರಮೆಯೇ ಎಂದು ಗಟ್ಟಿ ಮನಸ್ಸು ಮಾಡಿ, ಹೊಸದಾಗಿ ಸೇರಿದ್ದ, ಎಲ್ಲರೂ 'ಗುಬ್ಬಿ' ಎನ್ನುತ್ತಿದ್ದ ಹುಡುಗಿಗೆ ಆ ಸ್ವರ ಕಲಿಸಿದಳು.

ವಾರ್ಷಿಕೋತ್ಸವದಲ್ಲಿ ಗುಬ್ಬಿ ಅದನ್ನು ಸೊಗಸಾಗಿ ಹಿಡಿದಳು. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಜನ ಚದುರಿದ ಮೇಲೂ ಆ ತಾಯಿ ಕೂತೇ ಇದ್ದರು. ಕಾರ್ಯದರ್ಶಿ ಹತ್ತಿರ ಹೋದಾಗ ಅವರೇ ಕೇಳಿದರು:

"ಅಲ್ಲಿ ಅವಳೇ ಹಾಡ್ತಿದ್ಲಲ್ಲಮ್ಮ. ಇವತ್ತು ಯಾಕೆ ಈ ಹುಡುಗಿ ಕೈಲಿ ಹಾಡಿಸ್ದೆ?"

ಕಾರ್ಯದರ್ಶಿ ಪಕ್ಕದ ಕುರ್ಚಿಯಲ್ಲಿ ಕೂತಳು. "ನಿಮಗೂ ಕೇಳಿಸ್ತಿತ್ತಾ, ಅಮ್ಮಾ?"

"ಅದಕ್ಕೇ ತಾನೇ ನಾನು ಬರ್ತಿದ್ದಿದ್ದು?"

ಮನೆಗೆ ಹೊರಟಿದ್ದ ಸಂಘದವರನ್ನೆಲ್ಲ ಕಾರ್ಯದರ್ಶಿ ಕೈಕಾಲು ಹಿಡಿದು ವಾಪಸು ಕರೆತಂದಳು. ಗುಬ್ಬಿಗೆ ಆ ಜಾಗದಲ್ಲಿ ಸುಮ್ಮನಿರಲು ಹೇಳಿದಳು. ಖಾಲಿ ಕುರ್ಚಿಗಳ ಮುಂದೆ ಮತ್ತೆ ಹಾಡಿದರು. ಆ ಜಾಗ ಬಂತು, ಎಲ್ಲರೂ ಉಸಿರೆಳೆದರು. ಕಾರ್ಯದರ್ಶಿ ಮೈಯೆಲ್ಲ ಕಿವಿಯಾಗಿ ನಿಂತಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಹಾಡು ಮುಗಿಯಿತು. ತಾಯಿ ಮೆಲ್ಲಗೆ ಕೇಳಿದರು, "ನನಗೆ ಕೇಳಿಸ್ಲಿಲ್ಲ. ನಿನಗೆ?"

ಆ ಮುಖ ನೋಡಿ ಅವಳಿಗೆ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಕೇಳಿಸ್ತಮ್ಮ."

"ಹಾಗಾದ್ರೆ ಸರಿ. ನಿನ್ನ ಹತ್ರಾನಾದ್ರೂ ಇರ್ಲಿ," ಎಂದು ಅವಳ ಕೆನ್ನೆ ಸವರಿ, ಆ ತಾಯಿ ಪಾಳಿಗೆ ಹೊರಟರು.