ಪಥ್ಯ ಮುರಿದವರು

ಇನ್ನೂರು ವರ್ಷದ ಹಿಂದೆ ಸ್ವೀಡನ್ನಿನಲ್ಲಿ ಹೊಟ್ಟೆ ಕೆಟ್ಟವರ ಪಾಡು ಯಾರಿಗೂ ಬೇಡ. ಊರಾಚೆಯ ಚಿಕಿತ್ಸಾಲಯಕ್ಕೆ ಸೇರಿಸಿ, ಬೆಳಗಾಗುವ ಮೊದಲೇ ಎಬ್ಬಿಸಿ, ಕಬ್ಬಿಣದ ರುಚಿಯ ಬಾವಿ ನೀರನ್ನು ಲೋಟದ ಮೇಲೆ ಲೋಟ ಕುಡಿಸಿ, ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ಬಿರಬಿರನೆ ನಡೆಸುತ್ತಿದ್ದರು. ಮಧ್ಯಾಹ್ನ ಬಾರ್ಲಿ ಗಂಜಿ. ಸಂಜೆ ಸಾಲಾಗಿ ನಿಲ್ಲಿಸಿ ಸೊಂಟ ತಿರುಗಿಸುವ ಕಸರತ್ತು. ಅದೂ ಸಾಲದೆಂದು ಒಬ್ಬ ಬಂದು ಹೊಟ್ಟೆಯನ್ನು ಚಪಾತಿ ಹಿಟ್ಟಿನಂತೆ ನಾದಿ ಹೋಗುತ್ತಿದ್ದ. ಹಾಲು, ಹುಳಿ, ಮಸಾಲೆ, ಕಾಫಿ, ಹೆಂಡ ಏನೂ ಮುಟ್ಟುವಂತಿಲ್ಲ. ಇಷ್ಟೆಲ್ಲ ಆದ ಮೇಲೆ ರೋಗಿಗೆ ವಾಸಿಯಾಯಿತೆಂದು ವೈದ್ಯ ಬರೆದುಕೊಳ್ಳುತ್ತಿದ್ದ. ಆಗಲಿಲ್ಲ ಎಂದರೆ ಇನ್ನೊಂದು ತಿಂಗಳು ಅಲ್ಲೇ ಬಿದ್ದಿರಬೇಕಲ್ಲ, ಯಾರು ತಾನೇ ಹೇಳಿಯಾರು?

ಈ ಪಾಡನ್ನು ತಾನಾಗಿ ಮೈಮೇಲೆ ಎಳೆದುಕೊಂಡವಳು ಚಿತ್ರದುರ್ಗದ ಸಿಂಧೂರ. ಸ್ವೀಡನ್ನಿನ ಉಮೆಯೊ ಊರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳು ವೈದ್ಯಕೀಯ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಆ ಕಾಲದ ಹೊಟ್ಟೆ ಚಿಕಿತ್ಸೆಯ ಬಗ್ಗೆ ಎಲ್ಲರೂ ಪುಸ್ತಕ ಓದಿ ಬರೆಯುತ್ತಾರೆ, ನಾವೇ ಮಾಡಿ ನೋಡಿದರೆ ಹೇಗೆ ಎಂದು ಕೇಳಿದವಳು ಅವಳೇ. ಅವಳ ಮಾರ್ಗದರ್ಶಕಿ ಶಶ್ಟಿನ್ ಎಂಬ ಪ್ರೊಫೆಸರಿಗೂ ಆ ಮಾತು ಹಿಡಿಸಿತು. ಹೇಗೂ ಕೇಂದ್ರದಲ್ಲಿ ಹೊಟ್ಟೆ ಸರಿಯಿದ್ದವರು ಯಾರೂ ಇರಲಿಲ್ಲ. ಶಶ್ಟಿನ್‌ಗೆ ಎದೆಯುರಿ, ಪಕ್ಕದ ಮೇಜಿನ ಯೋರಾನ್‌ಗೆ ಹೊಟ್ಟೆಯುಬ್ಬರ, ಸಿಂಧೂರಳಿಗೆ ಈ ದೇಶಕ್ಕೆ ಬಂದಂದಿನಿಂದ ಊಟ ಕಂಡರೆ ಸಂಕಟ.

ಹಾಗೆ ಬೇಸಿಗೆಯ ಮೊದಲಿಗೆ ಕೇಂದ್ರದ ಒಂದು ಗುಂಪು ಆ ಕಾಲದ ಒಬ್ಬ ವೈದ್ಯ ಬರೆದಿಟ್ಟ ಪಥ್ಯ ಹಿಡಿಯಿತು. ಊರಾಚೆಯ ಬಾವಿಯಿಂದ ಕ್ಯಾನಿನಲ್ಲಿ ನೀರು ತಂದರು. ನದಿಯ ದಂಡೆಯಲ್ಲಿ ಲೋಟ ಹಿಡಿದು ನಡೆದರು. ನಾಯಿ ಹಿಡಿದುಕೊಂಡು ಬಂದವರು ದಾರಿ ಬಿಟ್ಟು ನಿಂತರು. ಹೊಟ್ಟೆ ನಾದುವ ಸರದಿಯಲ್ಲಿ ಯೋರಾನ್‌ಗೆ ಕಚಗುಳಿಯಾಗಿ ಅವನು ಬೆಂಚಿನಿಂದ ಕೆಳಗೆ ಬಿದ್ದದ್ದೂ ಉಂಟು.

ವಾರಗಳು ಕಳೆದವು. ಎಲ್ಲರ ಹೊಟ್ಟೆ ಇದ್ದ ಹಾಗೇ ಇತ್ತು, ಸಿಂಧೂರಳದೊಂದು ಬಿಟ್ಟು. ಅವಳಿಗೆ ಹಸಿವಾಗತೊಡಗಿತು, ನಿದ್ದೆ ಬರತೊಡಗಿತು, ಮುಖಕ್ಕೆ ಕಳೆ ಬಂತು. ಶಶ್ಟಿನ್ ಹಿಗ್ಗಿಹೋದಳು. ಪಿಎಚ್‌.ಡಿ. ಅರ್ಧ ಮುಗಿದಾಗ ಹೊರಗಿನ ಪರೀಕ್ಷಕರನ್ನು ಕರೆಸಿ ನಡೆಸುವ ಸೆಮಿನಾರ್ ಹತ್ತಿರದಲ್ಲೇ ಇತ್ತು. ಅಲ್ಲಿ ಸಿಂಧೂರ ತನ್ನ ಹೊಟ್ಟೆಯ ಕತೆಯನ್ನೇ ಹೇಳಬೇಕೆಂದು ಠರಾವಾಯಿತು.

"ನಿನಗೊಬ್ಬಳಿಗೇ ಹೇಗೆ ಗುಣವಾಯಿತು?" ಎಂದು ಶುಕ್ರವಾರದ ಸಭೆಯಲ್ಲಿ ಯೋರಾನ್ ಕೇಳಿದ. ಅಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ.

"ನನಗೇನು ಗೊತ್ತು. ನೀವು ಕುಡಿದ ನೀರೇ ಕುಡಿದೆ, ನೀವು ತಿಂದ ಗಂಜಿಯನ್ನೇ ತಿಂದೆ. ಕೊನೆಗೆ ಒಂದು ಲೋಟ ಮಜ್ಜಿಗೆ, ಅಷ್ಟೇ."

"ಮಜ್ಜಿಗೆ ಅಂದರೆ?"

ಸಿಂಧೂರ ಖುಷಿಯಿಂದಲೇ ಹೇಳಿದಳು. ಇಲ್ಲಿನ ಅಂಗಡಿಯಲ್ಲಿ ಸಿಗುವ ಹುಳಿ ಹಾಲಿಗೆ ನೀರು ಬೆರೆಸಿ ಕಡೆದು, ಉಪ್ಪು, ಜಜ್ಜಿದ ಶುಂಠಿ, ಚಿಟಿಕೆ ಇಂಗು ಹಾಕುವುದು. ಹೇಳುತ್ತ ಹೇಳುತ್ತ ಸುತ್ತಲಿನ ಮುಖಗಳು ಇಳಿದದ್ದನ್ನು ಕಂಡಳು. ಹಾಲು, ಹುಳಿ, ಮಸಾಲೆ. ಮೂರನ್ನೂ ವೈದ್ಯ ಬೇಡವೆಂದಿದ್ದ. ಆ ನಿಯಮವನ್ನು ಹಳೆಯ ಸ್ವೀಡಿಷಿನಿಂದ ಇಂಗ್ಲಿಷಿಗೆ ಮಾಡಿಕೊಟ್ಟವಳು ಅವಳೇ. ಮೊಸರನ್ನು ಅವಳು ಮೊದಲ ದಿನವೇ ಬಿಟ್ಟಿದ್ದಳು, ಉಪ್ಪಿನಕಾಯಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಆದರೆ ಮಜ್ಜಿಗೆ ತಿನ್ನುವ ವಸ್ತುವೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅದು ಊಟ ಮುಗಿಯಿತು ಎನ್ನುವುದಕ್ಕೆ ಕುಡಿಯುವುದು. ಕೈ ತೊಳೆಯುವುದನ್ನು ಯಾರಾದರೂ ಪಥ್ಯದಲ್ಲಿ ಸೇರಿಸುತ್ತಾರೆಯೇ?

ಶಶ್ಟಿನ್ ಮೆತ್ತಗಿನ ದನಿಯಲ್ಲೇ ಹೇಳಿದಳು. "ತಪ್ಪು ಯಾರದೂ ಅಲ್ಲ. ನಿನ್ನನ್ನು ಪ್ರಯೋಗದಿಂದ ಬಿಡೋಣ. ಸಾಂಸ್ಕೃತಿಕ ಕಾರಣದಿಂದ ಪಥ್ಯ ಪಾಲಿಸಲಾಗದ ಒಬ್ಬರನ್ನು ಕೈಬಿಡಲಾಗಿದೆ ಎಂದು ಅಡಿಟಿಪ್ಪಣಿ ಹಾಕಿದರೆ ಸಾಕು."

ಬೈದಿದ್ದರೆ ಸಿಂಧೂರ ಸಹಿಸುತ್ತಿದ್ದಳೇನೋ. ಆ ಮೆತ್ತಗಿನ ದನಿ ಅವಳ ಮೈಗೆ ಬೆಂಕಿ ಇಟ್ಟಿತು. ಪ್ರಯೋಗ ಅವಳದು, ಅಧ್ಯಾಯ ಅವಳದು, ಗುಣವಾದ ಹೊಟ್ಟೆ ಅವಳದು. ಈಗ ಅವಳೇ ಪುಟದ ತಳದಲ್ಲಿ, ಹೆಸರಿಲ್ಲದ ಒಬ್ಬರಾಗಿ, ಪಾಪ ಕೈಲಾಗದವರಾಗಿ ಕೂರಬೇಕು.

ಮನೆಯಲ್ಲಿ ಅವಳ ಗಂಡ ಸುಧೀರ್ ಲ್ಯಾಪ್‌ಟಾಪ್ ಮುಚ್ಚಿಟ್ಟು ಎಲ್ಲ ಕೇಳಿಸಿಕೊಂಡ.

"ನಿನ್ ತಪ್ಪೇನಿಲ್ಲ ಕಣೆ. ಆದ್ರೂ ಒಂದ್ ಫುಟ್‌ನೋಟ್ ತಾನೆ? ಅಡ್ಜಸ್ಟ್ ಮಾಡ್ಕೊ. ಗೈಡ್ ಸಪೋರ್ಟ್ ಮಾಡಿಲ್ಲ ಅಂದ್ರೆ ಇಲ್ಲಿರೋ ಪರ್ಮಿಟ್ ಎಕ್ಸ್‌ಟೆನ್ಷನ್‌ಗೂ ಪ್ರಾಬ್ಲಮ್ ಆಗತ್ತೆ."

"ಕಲ್ಚರ್ ನಂಗೊಬ್ಳಿಗೇ ಇರೋದಾ ಸುಧಿ? ಅವ್ರಿಗೆಲ್ಲ ಏನಿದೆ ಹಾಗಾದ್ರೆ?"

"ಅವ್ರು ರೂಲ್ಸ್ ಫಾಲೋ ಮಾಡಿದಾರಲ್ಲ."



ಆ ಮಾತಿಗೆ ಉತ್ತರ ಸೋಮವಾರ ಸಿಕ್ಕಿತು. ಮಧ್ಯಾಹ್ನದ ಫೀಕಾ ಹೊತ್ತು, ಎಂದರೆ ಕೆಲಸದ ನಡುವಿನ ಬಿಡುವು. ಈ ದೇಶದಲ್ಲಿ ಯಾವ ಕೆಲಸ ನಿಂತರೂ ಫೀಕಾ ನಿಲ್ಲದು. ಎಲ್ಲರೂ ಒಂದು ಕೋಣೆಯಲ್ಲಿ ಸೇರಿ, ಕೂತು, ಹವೆಯ ಬಗ್ಗೆ ನಾಲ್ಕು ಮಾತಾಡಿ ಏಳುತ್ತಾರೆ. ಪಥ್ಯ ಶುರುವಾದ ಮೇಲೆ ದಾಲ್ಚಿನ್ನಿ ಬನ್ನು ನಿಂತುಹೋಗಿತ್ತು, ಅದರ ಬಗ್ಗೆ ಎಲ್ಲರಿಗೂ ಹೆಮ್ಮೆ. ಯೋರಾನ್ ಬಂದು ಪಕ್ಕದಲ್ಲಿ ಕೂತು, "ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎನ್ನುತ್ತ ಫ್ಲಾಸ್ಕಿನಿಂದ ತನ್ನ ಕಪ್ಪಿಗೆ ಬಗ್ಗಿಸಿಕೊಂಡ.

ಸಿಂಧೂರ ಆ ಕಪ್ಪನ್ನೇ ನೋಡಿದಳು. "ಅದೇನು?"

"ಕಾಫಿ."

"ದಿನಾ ಕುಡಿಯುತ್ತಿದ್ದೀಯಾ? ಪಥ್ಯ ಶುರುವಾದಂದಿನಿಂದ?"

"ಛೆ, ಕಾಫಿ ಬಿಟ್ಟಿದ್ದೀನಲ್ಲ. ಮನೆಯಲ್ಲಿ ಮುಟ್ಟೋದೇ ಇಲ್ಲ," ಅವನು ಸಹಜವಾಗಿ ಹೇಳಿದ. "ಇದು ಫೀಕಾ."

ಕೋಣೆಯಲ್ಲಿದ್ದ ಎಲ್ಲರ ಕೈಯಲ್ಲೂ ಕಪ್ಪಿತ್ತು. ಶಶ್ಟಿನ್ ಎರಡನೆಯ ಸುತ್ತಿನಲ್ಲಿದ್ದಳು. ತಮಾಷೆಯೆಂದರೆ, ಬಿಸಿನೀರು ಹಿಡಿದು ಇದೇ ಕೋಣೆಯಲ್ಲಿ ದಿನವೂ ಕೂರುತ್ತಿದ್ದ ಸಿಂಧೂರಳ ಕಣ್ಣಿಗೂ ಅದು ಇಷ್ಟು ದಿನ ಬಿದ್ದಿರಲಿಲ್ಲ. ಕುರ್ಚಿ, ಕಿಟಕಿಗಳಂತೆ ಅದೂ ಒಂದು ಎಂದು ಸುಮ್ಮನಿದ್ದಳು. ಅದನ್ನು ಅವಳು ಸೆಮಿನಾರಿಗೆಂದು ಎತ್ತಿಟ್ಟುಕೊಂಡಳು. ಆಗಲೇ ಹೇಳಿದ್ದರೆ ಆ ಕೋಣೆಯಲ್ಲೇ ನಕ್ಕು ಮುಗಿಸಿಬಿಡುತ್ತಿದ್ದರು.

ಸೆಮಿನಾರಿನ ದಿನ ಬಂತು. ದಕ್ಷಿಣದಿಂದ ರೈಲಿನಲ್ಲಿ ಬಂದಿದ್ದ ಪರೀಕ್ಷಕ ಮುಂದಿನ ಸಾಲಿನಲ್ಲಿದ್ದ. ಒಳಗೆ ಹೋಗುವ ಮೊದಲು ಶಶ್ಟಿನ್ ಬಾಗಿಲಲ್ಲಿ ತಡೆದು ಕೇಳಿದಳು.

"ಅಡಿಟಿಪ್ಪಣಿ ಹಾಕಿದೆಯಲ್ಲ?"

"ಇಲ್ಲ."

"ಸಿಂಧೂರ, ಅದಿಲ್ಲದೆ ಈ ಅಧ್ಯಾಯಕ್ಕೆ ನನ್ನ ಬೆಂಬಲ ಇರುವುದಿಲ್ಲ."

"ಇರದಿದ್ದರೆ ಬೇಡ," ಎಂದು ಅವಳು ಒಳಗೆ ನಡೆದಳು. ಸುಧೀರ್‌ನ ಮಾತು ಕಿವಿಯಲ್ಲೇ ಇತ್ತು. ಆದರೂ ಪುಟದ ತಳಕ್ಕೆ ಇಳಿಯುವ ಮನಸ್ಸು ಅವಳಿಗಿರಲಿಲ್ಲ.

ಅವಳು ಹಳೆಯ ವೈದ್ಯನ ಬಗ್ಗೆ, ನೀರಿನ ಬಗ್ಗೆ, ಗಂಜಿ, ಕಸರತ್ತುಗಳ ಬಗ್ಗೆ ಹೇಳಿದಳು. ತನ್ನ ಹೊಟ್ಟೆ ಗುಣವಾದದ್ದನ್ನು ಹೇಳಿದಳು, ಮಜ್ಜಿಗೆಯನ್ನೂ ಮುಚ್ಚಿಡದೆ ಹೇಳಿದಳು. ಆಮೇಲೆ ತನ್ನ ಜೊತೆ ಪಥ್ಯ ಹಿಡಿದವರ ಕಡೆ ತಿರುಗಿದಳು.

"ವೈದ್ಯ ಕಾಫಿಯನ್ನೂ ಬೇಡವೆಂದಿದ್ದ. ಇಷ್ಟು ದಿನದಲ್ಲಿ ಫೀಕಾ ಕೋಣೆಯಲ್ಲಿ ಕಾಫಿ ಕುಡಿದವರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಯೋರಾನ್ ಕೈ ಮೇಲೆ ಹೋಯಿತು. ಒಂದಾದ ಮೇಲೊಂದು ಮಿಕ್ಕ ಕೈಗಳೂ ಎದ್ದವು. ಶಶ್ಟಿನ್ ಕೈ ಎತ್ತಲಿಲ್ಲ.

"ಅದು ಬೇರೆ," ಅವಳೆಂದಳು. "ಅದು ನಮ್ಮ ದಿನಚರಿ. ಅದನ್ನು ಆಹಾರವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ."

"ನಾನೂ ಹಿಡಿಯಲಿಲ್ಲ. ನಿಮ್ಮದಕ್ಕೆ ದಿನಚರಿ ಅಂತ ಹೆಸರು, ನನ್ನದಕ್ಕೆ ಸಾಂಸ್ಕೃತಿಕ ಕಾರಣ. ಈ ಎರಡು ಹೆಸರನ್ನು ಯಾರು ಇಟ್ಟದ್ದು, ಅಷ್ಟು ಹೇಳಿ."

ಪರೀಕ್ಷಕ ಪೆನ್ನು ಕೆಳಗಿಟ್ಟ. "ಇನ್ನೂರು ವರ್ಷದ ಹಿಂದಿನ ರೋಗಿಗಳೂ..."

"ಹೂಂ, ಅವರೂ ಹೀಗೇ ಏನೋ ಒಂದನ್ನು ಬಾಯಿಗೆ ಹಾಕಿಕೊಂಡಿರುತ್ತಾರೆ. ಕೇಳಿದರೆ ಪಥ್ಯದಲ್ಲೇ ಇದ್ದೀವಿ ಎಂದಿರುತ್ತಾರೆ, ಅದು ಸುಳ್ಳೂ ಅಲ್ಲ. ನಾನು ಬರೆಯುವುದು ಅದನ್ನೇ. ವೈದ್ಯ ಹೇಳಿದ ಪಥ್ಯವನ್ನು ಹೇಳಿದ ಹಾಗೆ ಮಾಡಿದವರು ಈ ಕೋಣೆಯಲ್ಲಂತೂ ಒಬ್ಬರೂ ಇಲ್ಲ."

ಶಶ್ಟಿನ್ ಎದ್ದು ನಿಂತಳು. ಮುಖ ಕೆಂಪಾಗಿತ್ತು. "ಹಾಗಾದರೆ ನಿಯಮ ಒಂದೇ ಇರಲಿ. ನಾನೂ ಪ್ರಯೋಗದಿಂದ ಹೊರಗೆ. ಎಲ್ಲರೂ ಹೊರಗೆ. ನಿನಗೆ ಅಧ್ಯಾಯವೇ ಇರುವುದಿಲ್ಲ. ಅದೇ ಬೇಕಾ?"

ಅದು ಬೆದರಿಕೆಯೋ ಸೋಲೋ ತಿಳಿಯುವಂತಿರಲಿಲ್ಲ.

"ಬೇಡ. ಯಾರೂ ಹೊರಗೆ ಹೋಗಬೇಡಿ. ನಾನಂತೂ ಹೋಗುವುದಿಲ್ಲ. ಎಲ್ಲರೂ ಹೆಸರಿನ ಸಮೇತ ಒಳಗೇ ಇರಿ. ಇದ್ದು, ಏನೇನು ಬಾಯಿಗೆ ಹಾಕಿಕೊಂಡಿರಿ ಅಂತ ಮೊದಲಿನಿಂದ ಹೇಳಿ." ಅವಳು ಒಂದು ಕುರ್ಚಿ ಎಳೆದು ಶಶ್ಟಿನ್ ಎದುರಿಗೇ ಹಾಕಿಕೊಂಡು ಕೂತಳು. "ನಿಮ್ಮಿಂದಲೇ ಶುರು ಮಾಡೋಣ."

ಶಶ್ಟಿನ್ ಬಾಗಿಲ ಕಡೆ ನೋಡಿದಳು, ಪರೀಕ್ಷಕನ ಕಡೆ ನೋಡಿದಳು. ಯಾರೂ ಅವಳ ಸಹಾಯಕ್ಕೆ ಬರಲಿಲ್ಲ. ಅವಳು ನಿಧಾನವಾಗಿ ಮತ್ತೆ ಕೂತು, ಡಾಕ್ಟರ ಮುಂದೆ ಕೂತವರಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಬೆಳಿಗ್ಗೆ ಎದ್ದ ಕೂಡಲೇ," ಅವಳೆಂದಳು, "ಎದೆಯುರಿಯ ಮಾತ್ರೆ ಒಂದು."

"ಆಮೇಲೆ?" ಎಂದಳು ಸಿಂಧೂರ.