ಹಿಂದೆ ನಡೆದವಳು

ದಾವಣಗೆರೆ ಮಂಡಿಪೇಟೆಯ ಬೆಲ್ಲದ ವ್ಯಾಪಾರಿ ಕರಿಬಸವರಾಜನಿಗೆ ಯಜಮಾನಿಕೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿತ್ತು. ಮನೆಯಲ್ಲಿ ಯಾವ ಪಲ್ಯ ಆಗಬೇಕು, ಓಣಿಯಲ್ಲಿ ಗಣಪತಿ ಎಲ್ಲಿ ಕೂರಬೇಕು, ಬೀಗರ ಮದುವೆಗೆ ಯಾರು ಯಾವ ಗಾಡಿ ಹತ್ತಬೇಕು, ಎಲ್ಲ ಅವನೇ ಹೇಳಬೇಕು. ಕೇಳದಿದ್ದರೂ ಹೇಳುತ್ತಿದ್ದ. ಜನ ಹಿಂದಿನಿಂದ ನಗುತ್ತಿದ್ದರು. ಆದರೆ ವರ್ಷಕ್ಕೊಮ್ಮೆ ಕೊಟ್ಟೂರಿಗೆ ಪಾದಯಾತ್ರೆ ಹೊರಟಾಗ ಮಾತ್ರ ಅದೇ ಜನ ತುಟಿ ಬಿಚ್ಚದೆ ಅವನ ಮಾತು ಕೇಳುತ್ತಿದ್ದರು.

ಆ ದಾರಿಯಲ್ಲಿ ಅವನದೊಂದು ಕಟ್ಟಳೆ ಇತ್ತು. ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ. ಗಟ್ಟಿಗಾಲಿನವರು ಅವರ ಹಿಂದೆ. ಗುಂಪಿನ ಯಜಮಾನ ಎಲ್ಲರಿಗಿಂತ ಹಿಂದೆ. ಮುಂದಿನ ಮುದುಕಿ ಕೂತರೆ ಹಿಂದಿನ ಪೈಲ್ವಾನನೂ ಕೂರಬೇಕು. ಹೀಗಾಗಿ ಅವನ ಗುಂಪಿನವರು ಒಬ್ಬರೂ ದಾರಿಯಲ್ಲಿ ಉಳಿದದ್ದಿಲ್ಲ.

ಮಗಳು ನಯನಾ ಚಿಕ್ಕವಳಿದ್ದಾಗ ಒಮ್ಮೆ ಅಜ್ಜಿ ದ್ರಾಕ್ಷಾಯಣಮ್ಮನ ಕೈಹಿಡಿದು ಆ ಮುಂದಿನ ಸಾಲಿನಲ್ಲಿ ನಡೆದಿದ್ದಳು. ಆಣಜಿ ಹತ್ತಿರ ರಸ್ತೆ ಬದಿಗೆ ಕುಕ್ಕರಿಸಿ ಕೂತು, "ಅಪ್ಪಾಜಿ, ಕಾಲು ನೋಯ್ತಾವೆ" ಎಂದು ಅತ್ತಳು. ಹಿಂದಿನಿಂದ ಬಂದ ಕರಿಬಸವರಾಜ ಅವಳ ಮುಂದೆ ಬೆನ್ನು ಕೊಟ್ಟು ಕೂತು, ಹೆಗಲಿಗೇರಿಸಿಕೊಂಡು ನಡೆದ. ಮರುವರ್ಷದಿಂದ ಅವಳು ಪಾದಯಾತ್ರೆ ಎಂದರೆ ಜ್ವರ ಬರಿಸಿಕೊಂಡು ಮಲಗುತ್ತಿದ್ದಳು. ಅಂಗಡಿಯಲ್ಲಿ ಎರಡು ಚೂಡಿದಾರ ತೋರಿಸಿದರೆ ಅಪ್ಪನ ಮುಖ ನೋಡುವ ಹುಡುಗಿ. ಡಾಕ್ಟರ್ ಓದಲು ಉಕ್ರೇನಿಗೆ ಹೋದದ್ದೂ ಅಪ್ಪ ಹೇಳಿದ ಅಂತಲೇ.

ಎರಡು ಸಾವಿರದ ಇಪ್ಪತ್ತೆರಡರ ಫೆಬ್ರುವರಿ ಕೊನೆಗೆ ಅಲ್ಲಿ ಯುದ್ಧ ಶುರುವಾಯಿತು. ನಯನಾ ಇದ್ದ ಖಾರ್ಕಿವ್ ಊರಿನ ಮೇಲೇ ಬಾಂಬು ಬೀಳತೊಡಗಿದವು. ಹಾಸ್ಟೆಲಿನ ಹುಡುಗ ಹುಡುಗಿಯರೆಲ್ಲ ನೆಲಮಾಳಿಗೆ ಸೇರಿದರು. ಅವರನ್ನು ನೋಡಿಕೊಳ್ಳುತ್ತಿದ್ದವನು ಕೊನೆಯ ವರ್ಷದ ರುದ್ರಮುನಿ, ಎಲ್ಲ ಬಲ್ಲವನು, ಅಲ್ಲಿನ ಭಾಷೆಯನ್ನೂ ಪಟಪಟ ಆಡುವವನು. ಅವನು ಒಂದು ಬೆಳಿಗ್ಗೆ ನೀರು ತರಲು ಹೋದವನು ಗುಂಡಿನ ಸುರಿಮಳೆಯಲ್ಲಿ ಊರಿನ ಇನ್ನೊಂದು ತುದಿಯ ನೆಲಮಾಳಿಗೆಯಲ್ಲಿ ಸಿಕ್ಕಿಹಾಕಿಕೊಂಡ. ಜೀವಕ್ಕೆ ಅಪಾಯವಿರಲಿಲ್ಲ, ಆದರೆ ವಾಪಸು ಬರುವ ದಾರಿಯೂ ಇರಲಿಲ್ಲ. ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮುಖ ಮುಖ ನೋಡಿಕೊಂಡರು. ಚಾರ್ಜ್ ಉಳಿದಿದ್ದ ಫೋನು ನಯನಾಳದೊಂದೇ. ರಾಯಭಾರ ಕಚೇರಿಯ ಸಂದೇಶ ಅದಕ್ಕೇ ಬರುತ್ತಿತ್ತು, ದಾರಿಯ ನಕಾಶೆ ಅದರಲ್ಲೇ ತೆರೆಯುತ್ತಿತ್ತು. ಎಲ್ಲರೂ ಅವಳತ್ತ ತಿರುಗಿದರು. ಯಾರೂ ಆರಿಸಲಿಲ್ಲ, ಯಾರೂ ಹಾರ ಹಾಕಲಿಲ್ಲ. ಹೀಗೆ ಅವಳು ಯಜಮಾನಿಯಾದಳು.

ಈ ಕಡೆ ವಿದ್ಯಾನಗರದ ಕರಿಬಸವರಾಜನ ಮನೆ ಕಂಟ್ರೋಲ್ ರೂಮಿನಂತಾಗಿತ್ತು. ನಯನಾಳ ಫೋನು ಬರುವುದು ಇಲ್ಲಿಗಾದ್ದರಿಂದ ಉಳಿದ ತಾಯ್ತಂದೆಯರೂ ಇಲ್ಲೇ ಬಂದು ಕೂರುತ್ತಿದ್ದರು. ಮಂಡಕ್ಕಿ ಭಟ್ಟಿಯ ಜಮಾಲುದ್ದೀನನ ಹೆಂಡತಿ ಖತೀಜಾಬೀ ಅಂತೂ ಬೆಳಗಾದರೆ ಹಾಜರು. ಅವಳ ಮಗ ದಾನಿಶ್ ಅದೇ ಗುಂಪಿನಲ್ಲಿದ್ದ. ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವನ ಪಾದ ಉಳುಕಿತ್ತು.

ಆ ಮಧ್ಯಾಹ್ನ ಫೋನು ಬಂತು. ಕರಿಬಸವರಾಜ ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ.

"ಅಪ್ಪಾಜಿ, ಸಂಜಿ ಒಳಗೆ ಊರು ಬಿಡ್ರಿ ಅಂತ ಹೇಳ್ಯಾರೆ" ಎಂದಳು ನಯನಾ. "ರೈಲಿನಾಗೆ ನಮಗೆ ಜಾಗ ಕೊಡ್ತಿಲ್ಲ. ನಡ್ಕೊಂಡೇ ಹೋಗ್ಬೇಕು. ಊರ ಹೊರಗೆ ಒಂದು ಹಳ್ಳಿ ಐತೆ."

"ಎಷ್ಟು ದೂರ?"

"ನಾವು ಆಣಜಿ ತನಕ ನಡೆದಿದ್ವಲ್ಲ, ಸುಮಾರು ಅಷ್ಟು."

ಫೋನಿನಲ್ಲಿ ಅವಳ ಹಿಂದೆ ಗುಡುಗಿನಂಥ ಸದ್ದು ಕೇಳಿತು. ಆ ಗಳಿಗೆಯಲ್ಲಿ ಕರಿಬಸವರಾಜನಿಗೆ ಪಡಸಾಲೆಯಲ್ಲಿ ಯಾರಿದ್ದಾರೆ ಅನ್ನುವುದೇ ಮರೆತುಹೋಯಿತು. ಕಣ್ಣ ಮುಂದೆ ಮಗಳೊಬ್ಬಳೇ ಇದ್ದಳು.

"ಕೇಳಿಲ್ಲಿ ನಯನಾ. ಯಾರಿಗೂ ಕಾಯಬ್ಯಾಡ. ಕಾಲು ಗಟ್ಟಿ ಇದ್ದೋರ್ನ ನಾಕು ಜನನ್ನ ಕರ್ಕೊಂಡು ಸರಸರ ನಡದುಬಿಡು. ನಡೆಯಾಕಾಗ್ದೋರು ಆಮೇಲೆ ಬರ್ತಾರೆ. ಗೊತ್ತಾತಾ?"

ಖತೀಜಾಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಯನಾಳ ತಾಯಿ ಅಕ್ಕನಾಗಮ್ಮ ಗಂಡನನ್ನು ದುರುಗುಟ್ಟಿ ನೋಡಿದಳು. ಕರಿಬಸವರಾಜನಿಗೆ ತಾನು ಆಡಿದ್ದು ಏನೆಂದು ಆಗ ತಿಳಿಯಿತು. ಆದರೆ ಬಾಯಿಂದ ಹೊರಟ ಮಾತನ್ನು ನುಂಗುವುದು ಹೇಗೆ? ನಿಜ ಹೇಳಬೇಕೆಂದರೆ ಅವನಿಗೆ ನುಂಗುವ ಮನಸ್ಸೂ ಇರಲಿಲ್ಲ. ಮಗಳು ಬದುಕಲಿ, ಉಳಿದದ್ದು ಆಮೇಲೆ.



"ಆಗಲ್ಲ ಅಪ್ಪಾಜಿ" ಎಂದಳು ನಯನಾ. ಹುಟ್ಟಿದಾಗಿನಿಂದ ಅವಳು ಅಪ್ಪನಿಗೆ ಆ ಮಾತು ಅಂದದ್ದು ಅದೇ ಮೊದಲು. "ದಾನಿಶ್‌ನ ಮುಂದಕ್ಕೆ ನಿಲ್ಸೀನಿ. ಅವನ ಹಿಂದೆ ಅಂಕಿತಾ, ಅದು ಸಣ್ಣ ಹುಡುಗಿ, ಬಾಳ ಹೆದರೈತೆ. ಗಟ್ಟಿಯೋರು ಆಮೇಲೆ. ನಾನು ಹಿಂದೆ ಇರ್ತೀನಿ. ನೀವು ಖತೀಜಾ ಆಂಟಿಗೆ ಚಾ ಕೊಡ್ರಿ. ಫೋನ್ ಇಡ್ತೀನಿ, ಚಾರ್ಜ್ ಉಳಿಬೇಕು."

ಫೋನು ಕಟ್ಟಾಯಿತು. ಅವಳು ಹೇಳಿದ್ದು ಕರಿಬಸವರಾಜನದೇ ಕಟ್ಟಳೆ. ಜ್ವರ ಬರಿಸಿಕೊಂಡು ಮಲಗುತ್ತಿದ್ದ ಹುಡುಗಿ ಅದನ್ನು ಸಮುದ್ರದಾಚೆ ಹೊತ್ತೊಯ್ದು, ಬಾಂಬುಗಳ ಕೆಳಗೆ ನಡೆಸುತ್ತಿದ್ದಳು. ಕಲಿಸಿದವನೇ ಅದನ್ನು ಕೈಬಿಟ್ಟಿದ್ದ. ಅವನ ಮನಸ್ಸಿನಲ್ಲಿ ಭಯ ಎಷ್ಟು, ನಾಚಿಕೆ ಎಷ್ಟು, ಮಗಳ ಬಗೆಗಿನ ಬೆರಗು ಎಷ್ಟು ಎಂದು ಅವನಿಗೇ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ತಾನೇ ಚಹಾ ಸೋಸಿ ತಂದು ಖತೀಜಾಬೀ ಮುಂದೆ ಹಿಡಿದ.

"ತಗೊಳ್ರಿ ಅಕ್ಕಾರೆ. ನಾನು ಹಂಗ ಅನ್ನಬಾರದಿತ್ತು."

"ಹೆತ್ತ ಹೊಟ್ಟೆ ಅಣ್ಣಾರೆ" ಎಂದಳು ಖತೀಜಾಬೀ. ಲೋಟ ತೆಗೆದುಕೊಂಡಳು. "ನನ್ನ ಮಗಂದು ಕಾಲು ಗಟ್ಟಿ ಇದ್ದಿದ್ರೆ ನಾನೂ ಅದನ್ನೇ ಅಂತಿದ್ದೆ."

ಆಮೇಲಿನ ಕಾಯುವಿಕೆಯನ್ನು ಕಾದವರೇ ಬಲ್ಲರು. ಯಾರೂ ಟಿವಿ ಹಾಕಗೊಡಲಿಲ್ಲ. ಎದ್ದು ಹೋಗುತ್ತೇನೆ ಎಂದವರೂ ಹೋಗಲಿಲ್ಲ. ರಾತ್ರಿ ಊಟದ ಹೊತ್ತಿಗೆ ಫೋನಿಗೆ ಎರಡೇ ಮಾತು ಬಂದು ಬಿತ್ತು: ಎಲ್ಲರೂ ಮುಟ್ಟಿದೆವು.

ಮರುದಿನ ದಾನಿಶ್ ಅಮ್ಮನ ಜೊತೆ ಮಾತಾಡಿದಾಗ ಉಳಿದದ್ದು ಗೊತ್ತಾಯಿತು. ಹಿಮದಲ್ಲಿ ನಾಲ್ಕು ಹೆಜ್ಜೆ ಇಟ್ಟು ಅವನು ಕೂರುತ್ತಿದ್ದನಂತೆ. ಅವನು ಕೂತರೆ ಎಲ್ಲರೂ ಕೂರಬೇಕು, ಅದು ನಯನಾ ಅಕ್ಕನ ಆರ್ಡರ್. ಸದ್ದಾದಾಗಲೆಲ್ಲ ಮಲಗಬೇಕು, ಹಿಂದಿನಿಂದ ಅವಳು ಏಳಿ ಅಂದಾಗ ಏಳಬೇಕು. ಬಲಿಷ್ಠ ಹುಡುಗರಿಬ್ಬರು ಬೈದುಕೊಂಡು ಮುಂದೆ ಓಡಹೊರಟಿದ್ದರಂತೆ. ಹೋಗ್ರಿ, ಆದರೆ ಫೋನು ಇರೋದು ಹಿಂದೆ ಅಂದಳಂತೆ. ತೆಪ್ಪಗೆ ಸಾಲಿಗೆ ಬಂದರು. ಇದನ್ನು ಕೇಳುತ್ತ ಕರಿಬಸವರಾಜ ಗೋಡೆಗೊರಗಿ ಕೂತ. "ಇಷ್ಟು ದಿನ ನಮ್ಮನ್ಯಾಗೆ ಇದ್ದಿದ್ದು ಯಾರು ಹಂಗಾದ್ರೆ?" ಎಂದು ಹೆಂಡತಿಯನ್ನು ಕೇಳಿದ. "ನೀವು ಮಾತಾಡೋದು ಬಿಟ್ಟಿದ್ರೆ ಗೊತ್ತಾಗ್ತಿತ್ತು" ಎಂದಳು ಅಕ್ಕನಾಗಮ್ಮ.

ಗಡಿ ದಾಟಿ, ವಿಮಾನ ಹತ್ತಿ, ಆ ಗುಂಪು ಬೆಂಗಳೂರು ಮುಟ್ಟಿತು. ರುದ್ರಮುನಿಯೂ ಬೇರೊಂದು ಗುಂಪಿನ ಜೊತೆ ಗಡಿ ದಾಟಿದ್ದ. ಯಾವ ವಿಮಾನವೋ ಏನೋ, ಯಾರೂ ಏರ್‌ಪೋರ್ಟಿಗೆ ಬರಬೇಡಿ ಎಂದು ನಯನಾ ಮೊದಲೇ ತಿಳಿಸಿದ್ದಳು. ಕರಿಬಸವರಾಜ ಕಮಕ್ ಕಿಮಕ್ ಎನ್ನದೆ ಮನೆಯಲ್ಲಿ ಕೂತ. ದಾವಣಗೆರೆ, ಹರಿಹರದ ಮಕ್ಕಳನ್ನು ಹೊತ್ತ ಬಸ್ಸು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದಾಗ ಮೊದಲು ಇಳಿದವನು ಕೋಲೂರಿದ ದಾನಿಶ್. ಖತೀಜಾಬೀ ಅವನನ್ನು ಬಾಚಿ ತಬ್ಬಿಕೊಂಡಳು. ಅವನ ಹಿಂದೆ ಒಬ್ಬೊಬ್ಬರೇ ಇಳಿದರು. ನಯನಾ ಬಾಗಿಲ ತನಕ ಬಂದು ನಿಂತಳು. ತುಟಿ ಒಡೆದಿತ್ತು, ಕಣ್ಣು ಒಳಸೇರಿತ್ತು. ಆರತಿ ತಟ್ಟೆ ಹಿಡಿದು ನಿಂತಿದ್ದ ಅಕ್ಕನಾಗಮ್ಮ ಕೈ ಚಾಚಿದಳು.

"ಅವ್ವ, ಅಂಕಿತಾ ಹರಿಹರದಾಕಿ" ಎಂದಳು ನಯನಾ. "ಅವಳನ್ನ ಅವಳವ್ವನ ಕೈಗೆ ಒಪ್ಪಿಸಿ ಬರ್ತೀನಿ."

ಅಕ್ಕನಾಗಮ್ಮ ತಟ್ಟೆ ಕೆಳಗಿಳಿಸಿದಳು. ಹಳೆಯ ಕರಿಬಸವರಾಜನಾಗಿದ್ದರೆ ಅಲ್ಲೇ ರಂಪ ಮಾಡುತ್ತಿದ್ದ. ಈಗ ಅವನು ಪಂಚೆ ಎತ್ತಿಕಟ್ಟಿ ಬಸ್ಸು ಹತ್ತಿದ. "ಎಲ್ಲಿ ಕೂಡ್ಲವ್ವ?" ಎಂದು ಮಗಳನ್ನು ಕೇಳಿದ. ಅವಳು ಹಿಂದಿನ ಸೀಟು ತೋರಿಸಿದಳು, ತಾನೂ ಪಕ್ಕದಲ್ಲಿ ಕೂತಳು. ಮುಂದಿನ ಸೀಟಿನಲ್ಲಿ ಅಂಕಿತಾ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

"ಹಿಂದೆ ಯಾಕ ನಡಿತಿದ್ರಿ ಅಂತ ನನಗೆ ಅಲ್ಲಿ ಗೊತ್ತಾತು ಅಪ್ಪಾಜಿ" ಎಂದಳು ನಯನಾ, ಬಸ್ಸು ಊರು ದಾಟಿದ ಮೇಲೆ. "ಹಿಂದೆ ಇದ್ರೆ ನಾವು ಅಳೋದು ಯಾರಿಗೂ ಕಾಣಲ್ಲ."

ಇಂಥವಳಿಗೆ ಅಪ್ಪನಾಗಲು ತಾನು ಯೋಗ್ಯನೇ ಎಂದು ಕರಿಬಸವರಾಜನಿಗೆ ಅನುಮಾನವಾಯಿತು.

ಹರಿಹರದಲ್ಲಿ ಅಂಕಿತಾಳ ತಾಯಿ ಆಶಾರಾಣಿ ಬಸ್ಸು ನಿಲ್ಲುವ ಮೊದಲೇ ಓಡಿಬಂದಳು. ನಯನಾ ಹುಡುಗಿಯ ಕೈಯನ್ನು ತಾಯಿಯ ಕೈಯಲ್ಲಿಟ್ಟಳು. ಆಶಾರಾಣಿ ಕೈಮುಗಿಯಹೋದರೆ ತಡೆದಳು. ಅವರಿಬ್ಬರೂ ಆಟೋ ಹತ್ತಿ ಮರೆಯಾಗುವ ತನಕ ನೋಡುತ್ತ ನಿಂತಳು.

ಆಮೇಲೆ ಅಲ್ಲೇ ಬಸ್‌ಸ್ಟ್ಯಾಂಡಿನ ಕಟ್ಟೆಯ ಪಕ್ಕ ನೆಲಕ್ಕೆ ಕುಕ್ಕರಿಸಿ ಕೂತುಬಿಟ್ಟಳು.

"ಎಲ್ಲರೂ ಮುಟ್ಟಿದ್ರಾ ಅಪ್ಪಾಜಿ?"

"ಮುಟ್ಟಿದ್ರವ್ವ. ಎಲ್ಲರೂ ಮುಟ್ಟಿದ್ರು."

ನಯನಾಳ ಮುಖ ಸಣ್ಣ ಮಗುವಿನ ಮುಖದಂತೆ ಮುದುಡಿತು. "ಕಾಲು ನೋಯ್ತಾವೆ" ಎಂದಳು.

ಓಡಾಡುವ ಜನ ನಿಂತು ನೋಡುತ್ತಿದ್ದರು. ಕರಿಬಸವರಾಜ ಮಗಳ ಮುಂದೆ ಬೆನ್ನು ಕೊಟ್ಟು ಕೂತ.